ಕನ್ನಡದಲ್ಲಿ ಚಿತ್ರಕಥೆ ಬರೆಯುವವರಿಗೆ ರೆಸಿಡೆನ್ಸಿ ಫೆಲೋಶಿಪ್: ಎಲ್ಲಿದೆ, ಯಾರಿಗೆ ಸಿಗುತ್ತದೆ?

ಹೊಳೆದಂಡೆ:
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯಲ್ಲಿ ಹೈಸ್ಕೂಲ್ ಮೇಷ್ಟ್ರು. ವಯಸ್ಸು ನಲವತ್ತು ದಾಟಿದೆ. ಸಣ್ಣಕಥೆ ಬರೆಯುತ್ತಿದ್ದವನು ಈಗ ಒಂದು ಚಿತ್ರಕಥೆ ಹಿಡಿದು ಕೂತಿದ್ದೇನೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಊರು ಬಿಟ್ಟು ಎದ್ದ ಒಂದು ಮನೆಯ ಕಥೆ. ಮೊದಲರ್ಧ ಬರೆದಾಗಿದೆ. ಇಂಟರ್‌ವಲ್ ಆದಮೇಲಿನದು ತಲೆಯಲ್ಲಿದೆ, ಕೂತು ಬರೆಯಲು ಆಗುತ್ತಿಲ್ಲ. ಶಾಲೆ, ಪೇಪರ್ ತಿದ್ದುವುದು, ಮನೆ, ತೋಟ. ರಾತ್ರಿ ಹತ್ತರ ಮೇಲೆ ಬರೆದದ್ದನ್ನು ಬೆಳಿಗ್ಗೆ ಓದಿದರೆ ನನಗೇ ಹಿಡಿಸುವುದಿಲ್ಲ.

ರೆಸಿಡೆನ್ಸಿ ಫೆಲೋಶಿಪ್ ಅಂತ ಇರುತ್ತವಂತೆ. ಉಳಿಯಲು ಜಾಗ, ಊಟ, ಕೆಲವು ಕಡೆ ಕೈಖರ್ಚಿಗೂ ಕೊಟ್ಟು ಬರೆಯಲು ಬಿಡುತ್ತಾರಂತೆ. ನನಗೆ ಡೈರೆಕ್ಟರ್ ಆಗುವ ಆಸೆ ಇಲ್ಲ. ಬರೆಯಬೇಕು, ಅಷ್ಟೇ. ಬರೆಯುವುದು ಕನ್ನಡದಲ್ಲಿ ಮಾತ್ರ. ನನ್ನಂಥವರಿಗೆ ಎಲ್ಲಾದರೂ ಅವಕಾಶ ಇದೆಯಾ? ಗೊತ್ತಿರುವವರು ದಯವಿಟ್ಟು ಹೇಳಿ.

ಲ್ಯಾಬ್_ಹಕ್ಕಿ:
ಮೇಷ್ಟ್ರೇ, ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಲ್ಯಾಬ್, ರೆಸಿಡೆನ್ಸಿ, ಫೆಲೋಶಿಪ್ ಮೂರನ್ನೂ ಜನ ಒಂದೇ ಅಂದುಕೊಂಡು ತಪ್ಪು ಕಡೆ ಅರ್ಜಿ ಹಾಕುತ್ತಾರೆ. ಲ್ಯಾಬ್‌ನಲ್ಲಿ ನಿಮ್ಮ ಸ್ಕ್ರಿಪ್ಟ್ ಮೊದಲೇ ಓದಿ ಬಂದ ಅನುಭವಿ ಬರಹಗಾರರು ಎದುರು ಕೂತು ಒಂದೊಂದು ಸೀನ್ ಬಿಚ್ಚಿ ಪ್ರಶ್ನೆ ಕೇಳುತ್ತಾರೆ. ಅದು ಕೆಲವೇ ದಿನ. ಅಲ್ಲಿ ಬರೆಯಲು ಹೊತ್ತು ಸಿಗುವುದಿಲ್ಲ, ಮನೆಗೆ ಬಂದಮೇಲೆಯೇ ಬರೆಯಬೇಕು. ಅಮೆರಿಕದ ಸನ್‌ಡಾನ್ಸ್ ಸಂಸ್ಥೆ 1981ರಲ್ಲಿ ಯೂಟಾ ಬೆಟ್ಟಗಳಲ್ಲಿ ಲ್ಯಾಬ್ ಶುರು ಮಾಡಿತು. ಆಮೇಲೆ ಬೇರೆ ದೇಶಗಳಲ್ಲಿ ಬಂದ ಎಷ್ಟೋ ಲ್ಯಾಬ್‌ಗಳು ನಡೆಯುವುದು ಹೆಚ್ಚುಕಡಿಮೆ ಅದೇ ಥರ. ರೆಸಿಡೆನ್ಸಿಯಲ್ಲಿ ಜಾಗ ಸಿಗುತ್ತದೆ, ಊಟ ಸಿಗುತ್ತದೆ, ಹೊತ್ತು ಸಿಗುತ್ತದೆ, ಯಾರೂ ದಿನಾ ಬಂದು ಎಷ್ಟು ಪುಟ ಆಯಿತು ಅಂತ ಕೇಳುವುದಿಲ್ಲ. ಫೆಲೋಶಿಪ್‌ನಲ್ಲಿ ಮುಖ್ಯವಾಗಿ ಸಿಗುವುದು ದುಡ್ಡು. ಎಲ್ಲಿ ಬೇಕಾದರೂ ಕೂತು ಬರೆಯಿರಿ. ಎರಡು ಸೇರಿರುವುದೂ ಉಂಟು. ನೀವು ಬರೆದಿರುವುದನ್ನು ನೋಡಿದರೆ ನಿಮಗೆ ಈಗ ಬೇಕಾಗಿರುವುದು ರೆಸಿಡೆನ್ಸಿ. ಲ್ಯಾಬ್ ಆಮೇಲೆ, ಪೂರ್ತಿ ಡ್ರಾಫ್ಟ್ ಕೈಯಲ್ಲಿದ್ದಾಗ.

ಲ್ಯಾಬ್ ವಿಷಯಕ್ಕೆ ಬಂದರೆ ನಮ್ಮಲ್ಲಿ ಎನ್‌ಎಫ್‌ಡಿಸಿಯ (ಕೇಂದ್ರ ಸರ್ಕಾರದ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ) ಸ್ಕ್ರೀನ್‌ರೈಟರ್ಸ್ ಲ್ಯಾಬ್ ಇದೆ, 2007ರಿಂದ. ‘ದಿ ಲಂಚ್‌ಬಾಕ್ಸ್’, ‘ತಿತ್ಲಿ’, ‘ಲಿಪ್‌ಸ್ಟಿಕ್ ಅಂಡರ್ ಮೈ ಬುರ್ಖಾ’ ಚಿತ್ರಗಳ ಸ್ಕ್ರಿಪ್ಟ್ ಇಲ್ಲಿ ಹದವಾದವು. ಲಂಚ್‌ಬಾಕ್ಸ್ ಆಮೇಲೆ ಇಟಲಿಯ ಟೊರಿನೊ ಫಿಲ್ಮ್ ಲ್ಯಾಬ್‌ಗೂ ಹೋಗಿತ್ತು. ನೋಡಿ, ಅಷ್ಟು ಸರಳವಾಗಿ ಕಾಣುವ ಕಥೆಗೆ ಎಷ್ಟು ಜನರ ಕಣ್ಣು ಬೇಕಾಯಿತು. ಎನ್‌ಎಫ್‌ಡಿಸಿ ಲ್ಯಾಬ್‌ಗೆ ಯಾವ ಭಾರತೀಯ ಭಾಷೆಯ ಸಿನಿಮಾವನ್ನಾದರೂ ಕಳಿಸಬಹುದು. ಆದರೆ ಓದಲು ಕೊಡುವ ಪ್ರತಿ ಇಂಗ್ಲಿಷ್‌ನಲ್ಲಿ ಇರಬೇಕು.

ಸೀನ್_ಆರ್ಡರ್:
ನಾನು ಗಾಂಧಿನಗರದಲ್ಲಿ ಬಹಳ ವರ್ಷದಿಂದ ಡೈಲಾಗ್ ಬರೆಯುತ್ತಿದ್ದೇನೆ. ನಮ್ಮಲ್ಲಿ ಇದು ಹೊಸದೇನಲ್ಲ. ಕಥೆ ಚರ್ಚೆಗೆ ರೂಮ್ ಹಾಕುವುದು ಅನ್ನುತ್ತೇವೆ. ಪ್ರೊಡ್ಯೂಸರ್ ಲಾಡ್ಜೋ ಹೋಂಸ್ಟೇನೋ ನೋಡುತ್ತಾರೆ, ಡೈರೆಕ್ಟರ್, ರೈಟರ್, ಇಬ್ಬರು ಅಸಿಸ್ಟೆಂಟ್‌ಗಳು ಹೋಗಿ ಕೂರುತ್ತಾರೆ. ಊಟ, ಕಾಫಿಗೆ ಬರವಿಲ್ಲ. ಒನ್ ಲೈನ್, ಅಂದರೆ ಕಥೆಯ ಎಳೆ, ಓಕೆ ಆದರೆ ಯಾವ ಸೀನ್ ಆದಮೇಲೆ ಯಾವುದು ಅಂತ ಜೋಡಿಸುವ ಸೀನ್ ಆರ್ಡರ್, ಅದಾದಮೇಲೆ ಮಾತು ತುಂಬಿದ ಡೈಲಾಗ್ ವರ್ಷನ್. ನಾನು ಕೆಲಸ ಕಲಿತಿದ್ದೇ ಆ ರೂಮುಗಳಲ್ಲಿ. ಅದಕ್ಕೆ ಇವತ್ತಿಗೂ ಗೌರವ ಇದೆ.

ಆದರೆ ವ್ಯತ್ಯಾಸ ಇರುವುದು ಇಲ್ಲಿ. ಅಲ್ಲಿ ಬರೆದದ್ದು ನಿಮ್ಮದಾಗಿ ಉಳಿಯುವುದಿಲ್ಲ. ಒಮ್ಮೆ ಕೊಡಗಿನ ಹೋಂಸ್ಟೇ ಒಂದರಲ್ಲಿ ಕೂತು ಪೂರ್ತಿ ಸೀನ್ ಆರ್ಡರ್ ಮುಗಿಸಿದೆವು. ಹೀರೋ ಡೇಟ್ಸ್ ಸಿಗಲಿಲ್ಲ. ಪ್ರೊಡ್ಯೂಸರ್ ಫೋನ್ ಎತ್ತುವುದು ನಿಲ್ಲಿಸಿದರು. ಪೇಮೆಂಟ್ ಇಲ್ಲ, ಫೈಲ್ ಅವರ ಹತ್ತಿರವೇ ಉಳಿಯಿತು. ಕಥೆ ನನ್ನದು ಅಂತ ತೋರಿಸಲು ನನ್ನ ಕೈಯಲ್ಲಿ ಒಂದು ಹಾಳೆಯೂ ಇರಲಿಲ್ಲ. ರೆಸಿಡೆನ್ಸಿ ಕೊಡುವವರು ಸಾಮಾನ್ಯವಾಗಿ ನಿಮ್ಮ ಸ್ಕ್ರಿಪ್ಟ್ ಮೇಲೆ ಹಕ್ಕು ಕೇಳುವುದಿಲ್ಲ. ಹೊರಗೆ ಬರುವಾಗ ಅದು ನಿಮ್ಮದೇ. ಯಾರಿಗೆ ಬೇಕಾದರೂ ನರೇಶನ್ ಕೊಡಬಹುದು, ಅಂದರೆ ಕಥೆ ಹೇಳಿ ಒಪ್ಪಿಸಬಹುದು. ಕನ್ನಡದ ರೈಟರ್‌ಗೆ ಇದು ಎಷ್ಟು ದೊಡ್ಡ ಮಾತು ಅನ್ನುವುದು ಉದ್ಯಮದಲ್ಲಿ ಇರುವವರಿಗೆ ಚೆನ್ನಾಗಿ ಗೊತ್ತು.

ವಕೀಲರ_ಡೈರಿ:
ಸೀನ್ ಆರ್ಡರ್ ಅವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಅರ್ಜಿ ಹಾಕುವ ಮೊದಲು ಸ್ಕ್ರಿಪ್ಟ್ ನೋಂದಾಯಿಸಿ. ಕಾಪಿರೈಟ್ ಕಚೇರಿಯಲ್ಲಿ ಸಾಹಿತ್ಯ ಕೃತಿ ಅಂತ ನೋಂದಾಯಿಸಲು ಶುಲ್ಕ 500 ರೂಪಾಯಿ. ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಸದಸ್ಯರಾದರೆ ಅಲ್ಲೂ ಆನ್‌ಲೈನ್‌ನಲ್ಲಿ ಮಾಡಬಹುದು. ನೋಂದಣಿ ಇಲ್ಲದಿದ್ದರೂ ಬರೆದವರಿಗೆ ಹಕ್ಕು ಇದ್ದೇ ಇರುತ್ತದೆ, ಆದರೆ ಜಗಳ ಬಂದಾಗ ತಾರೀಖು ತೋರಿಸುವ ಕಾಗದ ಬೇಕಲ್ಲ. ಇನ್ನೊಂದು: ಬರೀ ಐಡಿಯಾಗೆ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. ಅದನ್ನು ನೀವು ಬರೆದಿರುವ ರೀತಿಗೆ ಮಾತ್ರ ಹಕ್ಕು. ಹಾಗಾಗಿ ಎರಡು ಸಾಲಿನ ಕಥೆ ಹೇಳಿಕೊಂಡು ಓಡಾಡಬೇಡಿ. ಸೀನ್‌ವರೆಗೆ ಬರೆದು ಆಮೇಲೆ ಹೊರಡಿ. ಅರ್ಜಿಯ ನಿಯಮದಲ್ಲಿ ‘ಆಯ್ಕೆಯಾದ ಕಥೆಯ ಹಕ್ಕು ಸಂಸ್ಥೆಗೆ ಸೇರುತ್ತದೆ’ ಅನ್ನುವ ಸಾಲು ಕಂಡರೆ ಅಲ್ಲಿಗೇ ನಿಲ್ಲಿಸಿ.

ಎಡಿಸನ್_ಕನ್ನಡಿಗ:
ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಈ ಕಡೆಯ ಮೂರು ಹೇಳುತ್ತೇನೆ. ಎಲ್ಲರೂ ಕೇಳುವುದು ಆಸ್ಕರ್ ಕೊಡುವ ಅಕಾಡೆಮಿಯವರ ನಿಕೋಲ್ ಫೆಲೋಶಿಪ್. 1986ರಿಂದ ಇದೆ. ವರ್ಷಕ್ಕೆ ಹೆಚ್ಚೆಂದರೆ 5 ಫೆಲೋಶಿಪ್, ಒಂದೊಂದಕ್ಕೂ 35,000 ಡಾಲರ್. ಆ ವರ್ಷ ಒಂದು ಹೊಸ ಚಿತ್ರಕಥೆ ಬರೆದು ಕೊಡಬೇಕು. ಆದರೆ ಸ್ಕ್ರಿಪ್ಟ್ ಮೂಲದಲ್ಲೇ ಇಂಗ್ಲಿಷ್ ಆಗಿರಬೇಕು, ಅನುವಾದ ನಡೆಯುವುದಿಲ್ಲ. 2025ರಿಂದ ನೇರ ಅರ್ಜಿಯೂ ನಿಂತಿದೆ, ವಿಶ್ವವಿದ್ಯಾಲಯ, ಲ್ಯಾಬ್ ಅಥವಾ ಬರಹಗಾರರು ಸ್ಕ್ರಿಪ್ಟ್ ಹಾಕುವ ‘ಬ್ಲ್ಯಾಕ್ ಲಿಸ್ಟ್’ ಅನ್ನುವ ಜಾಲತಾಣದ ಮೂಲಕ ಹೋಗಬೇಕು. ಮೇಷ್ಟ್ರಿಗೆ ಇದು ಆಗುವುದಿಲ್ಲ.

ಆಗುವಂಥದ್ದು ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಕ್‌ಡೊವೆಲ್. 1907ರಿಂದ ಇರುವ ಜಾಗ. ಕಾಡಿನ ನಡುವೆ ಒಬ್ಬೊಬ್ಬರಿಗೆ ಒಂದೊಂದು ಸ್ಟುಡಿಯೊ. ಮಧ್ಯಾಹ್ನದ ಊಟ ಬುಟ್ಟಿಯಲ್ಲಿ ಬಾಗಿಲ ಹತ್ತಿರ ಇಟ್ಟು ಸದ್ದಿಲ್ಲದೆ ಹೋಗುತ್ತಾರೆ. ಬರೆಯುವವರ ಗಮನ ಕೆಡಬಾರದು ಅಂತ. ಉಳಿಯಲು ಶುಲ್ಕ ಇಲ್ಲ. ಕಷ್ಟದಲ್ಲಿ ಇರುವವರಿಗೆ ಪ್ರಯಾಣಕ್ಕೆ ನೆರವೂ ಇದೆ. ಚಿತ್ರಕಥೆಗಾರರು ಸಿನಿಮಾ ವಿಭಾಗದಲ್ಲಿ ಅರ್ಜಿ ಹಾಕುತ್ತಾರೆ. ಇಲ್ಲಿ ನೀವೇ ಡೈರೆಕ್ಟರ್ ಆಗಬೇಕೆಂಬ ಹಟ ಇಲ್ಲ.

ಮೂರನೆಯದು ಅಯೋವಾದ ಇಂಟರ್‌ನ್ಯಾಷನಲ್ ರೈಟಿಂಗ್ ಪ್ರೋಗ್ರಾಂ. 1967ರಲ್ಲಿ ಶುರುವಾಯಿತು. ನಮ್ಮ ವಿವೇಕ ಶಾನಭಾಗ ಅವರು 2016ರಲ್ಲಿ ಅಲ್ಲಿಗೆ ಹೋಗಿದ್ದರು. ಕನ್ನಡದಲ್ಲೇ ಬರೆಯುವವರು. ಕನ್ನಡ ಅಂತ ಬಾಗಿಲು ಹಾಕುವ ಜಾಗ ಅಲ್ಲ ಅದು. ಆದರೆ ಒಂದೆರಡು ಪುಸ್ತಕವಾದರೂ ಹೆಸರು ಮಾಡಿರಬೇಕು.

ಹೊಳೆದಂಡೆ:
ಓದುತ್ತಾ ಇದ್ದೇನೆ. ತುಂಬಾ ಥ್ಯಾಂಕ್ಸ್. ಪ್ಯಾರಿಸ್‌ನಲ್ಲಿ ಕಾನ್ ಚಿತ್ರೋತ್ಸವದವರದ್ದು ಒಂದು ಇದೆಯಂತಲ್ಲ? ಸ್ನೇಹಿತರು ಅದರ ಹೆಸರು ಹೇಳಿದರು.

ಲ್ಯಾಬ್_ಹಕ್ಕಿ:
ಇದೆ. 2000ದಲ್ಲಿ ಶುರುವಾದದ್ದು. ಒಂದು ಸಲಕ್ಕೆ ಆರು ಜನ, ವರ್ಷಕ್ಕೆ ಎರಡು ತಂಡ, ಸುಮಾರು ನಾಲ್ಕೂವರೆ ತಿಂಗಳು ಪ್ಯಾರಿಸ್‌ನ ಒಂದೇ ಅಪಾರ್ಟ್‌ಮೆಂಟ್‌ನಲ್ಲಿ ವಾಸ. ಭತ್ಯೆ ಕೊಡುತ್ತಾರೆ. 2024ರಲ್ಲಿ ಕಾನ್‌ನಲ್ಲಿ ಗ್ರ್ಯಾನ್ ಪ್ರೀ ಪ್ರಶಸ್ತಿ ಪಡೆದ ನಿರ್ದೇಶಕಿ ಪಾಯಲ್ ಕಪಾಡಿಯಾ ಆ ರೆಸಿಡೆನ್ಸಿಯಲ್ಲಿ ಇದ್ದವರು. ಆದರೆ ಅದು ಮೊದಲನೆಯ ಅಥವಾ ಎರಡನೆಯ ಚಿತ್ರ ಬರೆಯುತ್ತಿರುವ ಡೈರೆಕ್ಟರ್‌ಗಳಿಗೆ. ಬರೆಯುವವರು ಮಾತ್ರ ಆಗಿದ್ದರೆ ಆಗುವುದಿಲ್ಲ.

ಇದು ನನಗೆ ತುಂಬಾ ಬೇಸರ ತರುವ ವಿಷಯ. ಯುರೋಪಿನ ಎಷ್ಟೋ ಕಡೆ ಬರೆಯುವವರು, ನಿರ್ದೇಶಿಸುವವರು ಒಬ್ಬರೇ ಅಂತ ಎಣಿಸಿ ನಿಯಮ ಮಾಡಿದ್ದಾರೆ. ನಮ್ಮ ಕಡೆ ಬೇರೆ ಥರ. ಕಥೆ ಒಬ್ಬರದು, ಸಂಭಾಷಣೆ ಇನ್ನೊಬ್ಬರದು, ಡೈರೆಕ್ಷನ್ ಮತ್ತೊಬ್ಬರದು. ಬರೆಯುವುದನ್ನೇ ಬದುಕು ಮಾಡಿಕೊಂಡವರು ಕನ್ನಡದಲ್ಲಿ ಎಷ್ಟು ಜನ ಇದ್ದಾರೆ! ಆ ಅರ್ಜಿಗಳಲ್ಲಿ ಅವರಿಗೆ ಕಾಲಂ ಕೂಡ ಇಲ್ಲ. ಮೇಷ್ಟ್ರೇ, ನಿಮಗೆ ಒಳ್ಳೆಯ ಡೈರೆಕ್ಟರ್ ಗೆಳೆಯರು ಸಿಕ್ಕಿದರೆ ಇಬ್ಬರ ಹೆಸರಿನಲ್ಲಿ ತೆಗೆದುಕೊಳ್ಳುವ ಕಡೆಗಳನ್ನು ಹುಡುಕಬಹುದು. ಆದರೆ ಅರ್ಜಿಗೋಸ್ಕರ ಜೊತೆಗಾರರನ್ನು ಮಾಡಿಕೊಳ್ಳಬೇಡಿ. ಆಮೇಲೆ ಕಥೆ ಯಾರದು ಅನ್ನುವ ಪ್ರಶ್ನೆ ಬರುತ್ತದೆ.

ಹುಬ್ಬಳ್ಳಿ_ಮಂದಿ:
ಎಲ್ಲರಿಗೂ ನಮಸ್ಕಾರ ರೀ. ನನ್ನದು ಬೇರೆ ಅಭಿಪ್ರಾಯ. ಕಥೆ ಇರುವುದು ನಿಮ್ಮ ಊರಿನಲ್ಲಿ. ಅದನ್ನು ಬರೆಯಲು ನ್ಯೂ ಹ್ಯಾಂಪ್‌ಶೈರ್‌ಗೆ ಯಾಕೆ ಹೋಗಬೇಕು? ‘ತಿಥಿ’ ನೋಡಿ. ರಾಮ್ ರೆಡ್ಡಿ ಜೊತೆ ಬರೆದ ಈರೇಗೌಡರ ಊರು ಮಂಡ್ಯದ ನೊದೆಕೊಪ್ಪಲು. ಅಲ್ಲಿಯೇ ಶೂಟಿಂಗ್, ಊರಿನ ಜನರೇ ಪಾತ್ರ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ. ಆ ಮಾತು, ಆ ಜಗಳ, ಆ ನಡಿಗೆ ದೂರದ ಸ್ಟುಡಿಯೊದಲ್ಲಿ ಕೂತರೆ ಬರುತ್ತಿತ್ತಾ? ಕನ್ನಡದ ಬರಹಗಾರರಿಗೆ ದುಡ್ಡು ಕೊಟ್ಟು ಊರಿಗೆ ಕಳಿಸಿ ಅಂತೀನಿ ನಾನು.

ಅಮ್ಮ_ಬರೀತಾಳೆ:
ಹುಬ್ಬಳ್ಳಿ ಅಣ್ಣ, ನಿಮ್ಮ ಮಾತು ನಿಜ. ಆದರೆ ಊರಿನಲ್ಲಿ ಕಥೆ ಸಿಗುತ್ತದೆ, ಬರೆಯಲು ಹೊತ್ತು ಸಿಗುವುದಿಲ್ಲ. ನಾನು ಮೈಸೂರಿನಲ್ಲಿದ್ದೇನೆ, ಸೀರಿಯಲ್‌ಗೆ ಎಪಿಸೋಡ್ ಬರೆಯುತ್ತೇನೆ. ಮನೆಯಲ್ಲಿ ನಾಲ್ಕು ವರ್ಷದ ಮಗಳು, ವಯಸ್ಸಾದ ಅತ್ತೆ. ಪಾತ್ರವೊಂದು ಬಾಯಿ ತೆರೆಯುವ ಹೊತ್ತಿಗೆ ಕುಕ್ಕರ್ ಕೂಗುತ್ತದೆ. ಎಪಿಸೋಡ್ ಬರೆಯುವುದು ಹಾಗೂ ಹೀಗೂ ಆಗುತ್ತದೆ. ನಾಳೆಗೆ ಬೇಕು ಅಂತ ಚಾನೆಲ್‌ನವರು ಕೂತಿರುತ್ತಾರೆ, ಬರೆಯಲೇಬೇಕು. ನನ್ನದೇ ಸಿನಿಮಾ ಮಾತ್ರ ಯಾರೂ ಕೇಳದೆ ಹಾಗೇ ಉಳಿದಿದೆ. ಅದಕ್ಕೆ ಒಂದೇ ಸಮ ಕೆಲವು ದಿನ ಬೇಕು. ಮೂರನೇ ದಿನದ ಯೋಚನೆ ಎರಡನೇ ದಿನದ ಮೇಲೆ ಕೂರಬೇಕು.

ಅಮೆರಿಕದಲ್ಲಿ ಹೆಜ್‌ಬ್ರೂಕ್ ಅಂತ ಹೆಂಗಸರಿಗೇ ಇರುವ ರೆಸಿಡೆನ್ಸಿ ಇದೆ, ವಿಡ್ಬಿ ದ್ವೀಪದಲ್ಲಿ. ಆರು ಪುಟ್ಟ ಮನೆ, ಚಿತ್ರಕಥೆ ಬರೆಯುವವರಿಗೂ ಅವಕಾಶ. ಅದರ ಬಗ್ಗೆ ಓದಿದಾಗೆಲ್ಲ ಆಸೆಯಾಗುತ್ತದೆ. ಆದರೆ ಮಗುವನ್ನು ಬಿಟ್ಟು ಅಷ್ಟು ದೂರ ಹೋಗುವುದು ಈಗ ಆಗದ ಮಾತು. ನಮ್ಮಂಥವರಿಗೆ ಹತ್ತಿರದಲ್ಲಿ, ಒಂದು ವಾರದ್ದು, ಮಗುವನ್ನು ಕರೆದುಕೊಂಡು ಬರಬಹುದಾದ್ದು ಇದ್ದರೆ ಯಾರಾದರೂ ಹೇಳಿ.

ಹುಬ್ಬಳ್ಳಿ_ಮಂದಿ:
ಅಕ್ಕಾರ, ಒಪ್ಪಿದೆ. ಊರಿಗೆ ಹೋಗಿ ನೋಡಿಕೊಂಡು ಬರಲು ಒಂದು ಹೊತ್ತು, ಕೂತು ಬರೆಯಲು ಇನ್ನೊಂದು ಹೊತ್ತು. ಎರಡಕ್ಕೂ ದುಡ್ಡು ಬೇಕು.

ಸೀನ್_ಆರ್ಡರ್:
ಹತ್ತಿರದ್ದು ಅಂದರೆ ಸಂಗಂ ಹೌಸ್. 2008ರಿಂದ ಇರುವ ಲೇಖಕರ ರೆಸಿಡೆನ್ಸಿ. ಹೆಸರಘಟ್ಟದ ನೃತ್ಯಗ್ರಾಮದಲ್ಲಿ ಬಹಳ ವರ್ಷ ನಡೆಸಿದರು. ಭಾರತೀಯ ಭಾಷೆಗಳಲ್ಲಿ ಬರೆಯುವವರನ್ನೂ ಕರೆದಿದ್ದಾರೆ. ಸಿನಿಮಾಗೆಂದೇ ಇರುವುದಲ್ಲ. ಮೇಷ್ಟ್ರು ಕಥೆಗಾರರೂ ಆಗಿರುವುದರಿಂದ ವಿಚಾರಿಸಿ ನೋಡಬಹುದು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕೂಡ ಇದೆ. 1993ರ ಸಂಸ್ಥೆ. ಅದು ಕೊಡುವುದು ಅನುದಾನ, ಉಳಿಯಲು ಜಾಗವಲ್ಲ. ಆದರೆ ಅರ್ಜಿಯನ್ನು ಕನ್ನಡದಲ್ಲೇ ಬರೆದು ಕಳಿಸಬಹುದು. ಮುಳುಗಡೆ ಊರಿನವರನ್ನು ಹುಡುಕಿ ಮಾತಾಡಿಸುವಂಥ ಕೆಲಸ ಇದ್ದರೆ, ಅದನ್ನು ಪ್ರಾಜೆಕ್ಟ್ ಆಗಿ ಬರೆಯಿರಿ. ಸೀದಾ ‘ನನ್ನ ಸಿನಿಮಾಗೆ ದುಡ್ಡು ಕೊಡಿ’ ಅಂದರೆ ಆಗುವುದಿಲ್ಲ.

ಹೊಳೆದಂಡೆ:
ಇದು ನನಗೆ ಗೊತ್ತೇ ಇರಲಿಲ್ಲ. ಮುಳುಗಡೆಯಾದಾಗ ಹುಡುಗರಾಗಿದ್ದವರು ಈಗ ಎಪ್ಪತ್ತು, ಎಂಬತ್ತರಲ್ಲಿದ್ದಾರೆ. ಅವರನ್ನು ಮಾತಾಡಿಸುವುದು ಹೇಗೂ ಆಗಬೇಕಾದ ಕೆಲಸ. ಇಂಗ್ಲಿಷ್ ವಿಷಯ ಮಾತ್ರ ಹೆದರಿಸುತ್ತಿದೆ. ಓದುತ್ತೇನೆ, ಬರೆಯಲು ಕೈ ಬರುವುದಿಲ್ಲ. ನೂರು ಪುಟ ಅನುವಾದ ಮಾಡಿಸಲು ಯಾರನ್ನು ಕೇಳಲಿ?

ಲ್ಯಾಬ್_ಹಕ್ಕಿ:
ನೂರು ಪುಟ ಈಗ ಯಾರೂ ಕೇಳುವುದಿಲ್ಲ ಮೇಷ್ಟ್ರೇ. ಸಾಮಾನ್ಯವಾಗಿ ಬೇಕಾಗುವುದು ಲಾಗ್‌ಲೈನ್ (ಎರಡು ಸಾಲಿನಲ್ಲಿ ಇಡೀ ಕಥೆ), ಒಂದು ಪುಟದ ಸಾರಾಂಶ, ನಾಲ್ಕೈದು ಪುಟದ ಟ್ರೀಟ್‌ಮೆಂಟ್ (ಮಾತಿಲ್ಲದೆ ಕಥೆಯನ್ನು ಬಿಡಿಸಿ ಹೇಳುವುದು), ಹತ್ತು ಹದಿನೈದು ಪುಟದ ಸೀನ್‌ಗಳು, ಈ ಕಥೆ ಯಾಕೆ ಅನ್ನುವ ಒಂದು ಟಿಪ್ಪಣಿ. ಎಲ್ಲ ಸೇರಿ ಇಪ್ಪತ್ತೈದು ಪುಟ ದಾಟುವುದಿಲ್ಲ. ಪೂರ್ತಿ ಡ್ರಾಫ್ಟ್ ಲ್ಯಾಬ್‌ಗಳಿಗೆ ಬೇಕು, ಅದು ಮುಂದಿನ ಮಾತು.

ಸೀನ್ ಆರಿಸುವಾಗ ಒಂದು ಕಿವಿಮಾತು. ನಮ್ಮವರು ಡೈಲಾಗ್ ಚೆನ್ನಾಗಿರುವ ಸೀನ್ ಕಳಿಸುತ್ತಾರೆ. ಅನುವಾದದಲ್ಲಿ ಮೊದಲು ಸೊರಗುವುದು ಅದೇ. ಜನ ಏನು ಮಾಡುತ್ತಾರೆ ಅನ್ನುವುದರಿಂದಲೇ ನಿಲ್ಲುವ ಸೀನ್ ಕಳಿಸಿ. ನಿಮ್ಮ ಕಥೆಯಲ್ಲಿ ಆ ಮನೆಯವರು ಹೊರಡುವ ದಿನ ಇರಬೇಕಲ್ಲ? ಯಾರು ಏನನ್ನು ಗಾಡಿಗೆ ಹೇರಿದರು, ಏನನ್ನು ಬಿಟ್ಟರು, ದನ ಯಾರ ಪಾಲಿಗೆ ಹೋಯಿತು. ಅದನ್ನು ಯಾವ ದೇಶದವರು ಓದಿದರೂ ತಿಳಿಯುತ್ತದೆ. ಮಾತು ಕಡಿಮೆ ಇದ್ದಷ್ಟೂ ಅನುವಾದ ಮಾಡುವವರಿಗೂ ಹಗುರ.

ಟಿಪ್ಪಣಿಯಲ್ಲಿ ನಿಮ್ಮ ಕಷ್ಟ ಬರೆಯಬೇಡಿ. ಕಷ್ಟ ಎಲ್ಲರೂ ಬರೆದಿರುತ್ತಾರೆ. ಈ ಕಥೆ ನಿಮ್ಮ ಕೈಗೆ ಹೇಗೆ ಬಂತು, ನಿಮಗೆ ಮಾತ್ರ ಗೊತ್ತಿರುವುದು ಏನು, ಅದನ್ನು ಬರೆಯಿರಿ. ಅಲ್ಲಿದ್ದಾಗ ಏನು ಮಾಡುತ್ತೀರಿ ಅನ್ನುವುದನ್ನೂ ಬಿಡಿಸಿ ಹೇಳಿ. ‘ಎರಡನೇ ಅರ್ಧದ ಸೀನ್ ಆರ್ಡರ್ ಮುಗಿಸಿ, ಕೊನೆಯ ಮೂವತ್ತು ಪುಟ ಬರೆಯುತ್ತೇನೆ’ ಅಂದರೆ ಓದುವವರಿಗೆ ನಂಬಿಕೆ ಬರುತ್ತದೆ. ‘ಪ್ರಕೃತಿಯ ಮಡಿಲಲ್ಲಿ ಸ್ಫೂರ್ತಿ ಪಡೆಯುತ್ತೇನೆ’ ಅಂದರೆ ಪಕ್ಕಕ್ಕೆ ಇಡುತ್ತಾರೆ. ಶಿಫಾರಸು ಪತ್ರ ಕೇಳುವುದು ನಿಮ್ಮ ಬರಹ ನಿಜವಾಗಿ ಓದಿದವರನ್ನು, ಒಂದು ತಿಂಗಳು ಮೊದಲೇ. ದೊಡ್ಡ ಹೆಸರಿನವರು ಎರಡು ಸಾಲು ಗೀಚಿ ಕೊಟ್ಟರೆ ಪ್ರಯೋಜನ ಇಲ್ಲ.

ಎಡಿಸನ್_ಕನ್ನಡಿಗ:
ಇಪ್ಪತ್ತೈದು ಪುಟದ ಅನುವಾದ ನಾನು ಮಾಡಿಕೊಡುತ್ತೇನೆ ಮೇಷ್ಟ್ರೇ. ನನ್ನ ತಾಯಿಯ ತವರು ಸಾಗರದ ಕಡೆ. ದುಡ್ಡಿನ ಮಾತು ಬೇಡ.

ವಕೀಲರ_ಡೈರಿ:
ಒಂದು ಎಚ್ಚರಿಕೆ. ಇತ್ತೀಚೆಗೆ ‘ರೈಟರ್ಸ್ ರೆಸಿಡೆನ್ಸಿ’ ಅಂತ ಬೋರ್ಡ್ ಹಾಕಿಕೊಂಡು ವಾರಕ್ಕೆ ಸಾವಿರಾರು ರೂಪಾಯಿ ತೆಗೆದುಕೊಳ್ಳುವ ರೆಸಾರ್ಟ್‌ಗಳು ಬಂದಿವೆ. ದುಡ್ಡು ಕೊಟ್ಟು ಹೋಗುವುದು ನಿಮ್ಮ ಇಷ್ಟ, ಆದರೆ ಅದನ್ನು ಫೆಲೋಶಿಪ್ ಅನ್ನಬೇಡಿ. ಅರ್ಜಿ ಶುಲ್ಕ ಇರುವುದು ಸಹಜ. ಆಯ್ಕೆಯಾದಮೇಲೆ ‘ಸೀಟ್ ಉಳಿಸಿಕೊಳ್ಳಲು ಇಷ್ಟು ಕಟ್ಟಿ’ ಅಂದರೆ ಕಟ್ಟಬೇಡಿ. ಹಿಂದೆ ಅಲ್ಲಿದ್ದವರ ಹೆಸರು ಕೇಳಿ, ಒಬ್ಬರಿಗಾದರೂ ಫೋನ್ ಮಾಡಿ. ಮೇಷ್ಟ್ರು ಸರ್ಕಾರಿ ಶಾಲೆಯವರಾದರೆ ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಬೇಕು. ಅದನ್ನೂ ಮುಂಚೆಯೇ ನೋಡಿಕೊಳ್ಳಿ.

ಸೀನ್_ಆರ್ಡರ್:
ಇಷ್ಟೆಲ್ಲ ಮಾತಾಡಿದಮೇಲೆ ನನ್ನ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ಕನ್ನಡದಲ್ಲಿ ಚಿತ್ರಕಥೆಗೇ ಒಂದು ರೆಸಿಡೆನ್ಸಿ ಬೇಕು. ಅರ್ಜಿ ಕನ್ನಡದಲ್ಲಿ, ಓದುವವರು ಕನ್ನಡದವರು, ಡೈರೆಕ್ಟರ್ ಆಗಿರಬೇಕು ಅನ್ನುವ ನಿಯಮ ಇಲ್ಲ. ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣ 1973ರಲ್ಲೇ ಚಿತ್ರಸಮಾಜ ಕಟ್ಟಿದರು. ಅಡಿಕೆ ಬೆಳೆಯುವವರು, ಮೇಷ್ಟ್ರುಗಳು ಕೂತು ಜಗತ್ತಿನ ಸಿನಿಮಾ ನೋಡಿದರು, ಚರ್ಚೆ ಮಾಡಿದರು. ಪುಣೆಯಿಂದ ಸತೀಶ್ ಬಹಾದುರ್, ಪಿ.ಕೆ. ನಾಯರ್ ಅಲ್ಲಿಗೆ ಬಂದು ಪಾಠ ಮಾಡಿದರು. ನೋಡಲು ಕಲಿಸಿದ ನಾಡಿನಲ್ಲಿ ಬರೆಯಲು ಒಂದು ಕೋಣೆ ಇಲ್ಲ ಅಂದರೆ ಹೇಗೆ?

ಲೆಕ್ಕ ಹಾಕಿ ನೋಡಿದೆ. ಆರು ಜನ, 30 ದಿನ. ಊಟ, ವಸತಿಗೆ ತಲಾ ದಿನಕ್ಕೆ 1,200 ರೂಪಾಯಿ ಹಿಡಿದರೆ 2,16,000. ಒಬ್ಬೊಬ್ಬರಿಗೆ 40,000 ಭತ್ಯೆ, ಅದು 2,40,000. ಕೊನೆಯ ವಾರ ಇಬ್ಬರು ಹಿರಿಯ ಬರಹಗಾರರು ಬಂದು ಓದಲು ಒಂದು ಲಕ್ಷ. ಪ್ರಯಾಣ, ಪ್ರಿಂಟ್ ಎಲ್ಲ ಸೇರಿ ಆರು ಲಕ್ಷ. ನಮ್ಮ ಕರ್ನಾಟಕ ಚಲನಚಿತ್ರ ಅಕಾಡೆಮಿ ಮನಸ್ಸು ಮಾಡಿದರೆ, ಅಥವಾ ನಾಲ್ಕು ಪ್ರೊಡ್ಯೂಸರ್‌ಗಳು ಸೇರಿದರೆ ಇದು ದೊಡ್ಡ ಮೊತ್ತ ಅಲ್ಲ. ಸಿನಿಮಾ ಮುಗಿದಮೇಲೆ ಸಬ್ಸಿಡಿ ಕೊಡುತ್ತೇವೆ. ಕಥೆ ಹುಟ್ಟುವ ಹೊತ್ತಿಗೆ ಒಂದು ರೂಪಾಯಿ ಇಲ್ಲ. ಚೆನ್ನಾಗಿ ಬರೆದ ಕಥೆ ಬರುತ್ತಿಲ್ಲ ಅಂತ ಎಲ್ಲರೂ ದೂರುತ್ತಾರೆ. ಬರೆಯುವವರಿಗೆ ಕೂರಲು ಹೊತ್ತು ಕೊಟ್ಟಿದ್ದೀವಾ?

ಹುಬ್ಬಳ್ಳಿ_ಮಂದಿ:
ಇದಕ್ಕೆ ನನ್ನ ಪೂರ್ತಿ ಬೆಂಬಲ. ಒಂದೇ ಷರತ್ತು: ಓದುವವರಿಗೆ ಹೆಸರು, ಊರು ಕಾಣಬಾರದು. ಇಲ್ಲದಿದ್ದರೆ ಬೆಂಗಳೂರಿನವರೇ ತುಂಬಿಕೊಳ್ಳುತ್ತಾರೆ. ಕಲಬುರ್ಗಿ, ಬೀದರ್, ಕಾರವಾರದ ಮಾತಿನಲ್ಲಿ ಬರೆದರೆ ‘ಇದು ಯಾವ ಕನ್ನಡ’ ಅನ್ನುವವರನ್ನು ಓದಲು ಕೂರಿಸಬೇಡಿ.

ಅಮ್ಮ_ಬರೀತಾಳೆ:
ಅಕಾಡೆಮಿ ಮಾಡಲಿ, ಮನವಿ ಬರೆದರೆ ನಾನೂ ಸಹಿ ಹಾಕುತ್ತೇನೆ. ಆದರೆ ಅಲ್ಲಿಯವರೆಗೆ ಕಾಯುತ್ತಾ ಕೂರುವುದು ಬೇಡ ಅಲ್ವಾ? ಬೇಸಿಗೆ ರಜೆಯಲ್ಲಿ ನಾವೇ ನಾಲ್ಕೈದು ಜನ ಸಾಗರದ ಕಡೆ ಒಂದು ಮನೆ ಬಾಡಿಗೆಗೆ ಹಿಡಿಯೋಣ. ಒಂದು ವಾರ. ಖರ್ಚು ಹಂಚಿಕೊಳ್ಳೋಣ. ಬೆಳಿಗ್ಗೆಯಿಂದ ಮಧ್ಯಾಹ್ನದ ಊಟದವರೆಗೆ ಯಾರೂ ಮಾತಾಡುವುದು ಬೇಡ, ಫೋನ್ ಬೇಡ. ಸಂಜೆ ಒಬ್ಬರು ಓದಬೇಕು, ಉಳಿದವರು ಕೇಳಬೇಕು. ಅಡುಗೆಗೆ ಊರಿನವರನ್ನೇ ಕೇಳೋಣ. ನಾನು ಮಗಳನ್ನು ಕರೆದುಕೊಂಡೇ ಬರುತ್ತೇನೆ, ಅವಳನ್ನು ನೋಡಿಕೊಳ್ಳಲು ತಂಗಿ ಬರುತ್ತಾಳೆ.

ಲ್ಯಾಬ್_ಹಕ್ಕಿ:
ನಾನು ಬರುತ್ತೇನೆ. ಎಲ್ಲರ ಡ್ರಾಫ್ಟ್ ಹದಿನೈದು ದಿನ ಮೊದಲೇ ಕಳಿಸಿ, ಓದಿಕೊಂಡೇ ಬರುತ್ತೇನೆ.

ಸೀನ್_ಆರ್ಡರ್:
ನನ್ನನ್ನೂ ಸೇರಿಸಿಕೊಳ್ಳಿ. ಏಪ್ರಿಲ್ ಆದರೆ ಅನುಕೂಲ.

ಹೊಳೆದಂಡೆ:
ಏಪ್ರಿಲ್‌ನಲ್ಲಿ ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನದ ಡ್ಯೂಟಿ ಬೀಳುತ್ತದೆ ಸರ್. ಮೇ ಮೊದಲ ವಾರ ಇಟ್ಟುಕೊಳ್ಳೋಣವಾ? ಮನೆ ನಾನು ನೋಡುತ್ತೇನೆ. ಸಾಗರದಿಂದ ಸ್ವಲ್ಪ ದೂರದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆ ಖಾಲಿ ಇದೆ. ನಾಲ್ಕು ಕೋಣೆ, ಬಾವಿ ನೀರು. ನೆಟ್‌ವರ್ಕ್ ಸಿಗುವುದಿಲ್ಲ. ಬಾಡಿಗೆ ಎಷ್ಟು ಅಂತ ಭಾನುವಾರ ಕೇಳಿ ಇಲ್ಲೇ ಬರೆಯುತ್ತೇನೆ. ಬರುವವರು ನಿಮ್ಮ ಸ್ಕ್ರಿಪ್ಟ್ ಯಾವ ಹಂತದಲ್ಲಿದೆ ಅನ್ನುವುದನ್ನೂ ತಿಳಿಸಿ. ಎಡಿಸನ್ ಅವರೇ, ಸಾರಾಂಶ ಮತ್ತು ಆ ಹೊರಡುವ ದಿನದ ಸೀನ್ ಇವತ್ತು ರಾತ್ರಿ ನಿಮಗೆ ಕಳಿಸುತ್ತೇನೆ.